ಕಾದ ಮರಳಿನ ಮೇಲೆ ಹೆಜ್ಜೆ

ವಾರಿಜೆಯ ಕಾಲು ಮೂರು ದಿನದಿಂದ ಒಂದು ಕಡೆ ನಿಂತಿರಲಿಲ್ಲ. ಕುಣಿ ಎಂದರೆ ಮಾತ್ರ ಏಳುತ್ತಿರಲಿಲ್ಲ.

ಹನ್ನೆರಡು ವರ್ಷ ನೃತ್ಯ ಕಲಿತವಳು ನಾಳೆ ಮೊದಲ ಸಲ ರಂಗವೇರಬೇಕಿತ್ತು. ಹೊಳೆದಂಡೆಯ ಹೊಂಗೆ ನೆರಳಲ್ಲಿ ಕೂತಿದ್ದ ಗುರು ತಿರುಮಲಮ್ಮನವರ ಮಡಿಲಿಗೆ ಗೆಜ್ಜೆ ತಂದಿಟ್ಟಳು.

"ನನ್ನಿಂದ ಆಗಲ್ಲ ಅಮ್ಮ."

"ಯಾಕೆ, ಕಾಲು ನೋವಾ?"

"ತಲೆ ನೋವು."

ಗುರುಕುಲಕ್ಕೆ ಬಂದಿದ್ದ ಇಬ್ಬರು ಪಂಡಿತರು ಅವಳ ತಲೆಗೆ ಹುಳ ಬಿಟ್ಟು ಹೋಗಿದ್ದರು.

"ಮಾತಿಗಿಂತ ಮೊದಲೇ ಕುಣಿತ ಹುಟ್ಟಿತು, ಬೆಂಕಿ ಸುತ್ತ ಮೈಮರೆತು ಕುಣಿದವರದ್ದೇ ನಿಜವಾದ ನೃತ್ಯ, ಕಲಿತ ಹೆಜ್ಜೆಯೆಲ್ಲ ಅದಕ್ಕೆ ಹಾಕಿದ ಬೇಡಿ ಅಂದ್ರು ಒಬ್ಬರು. ಇನ್ನೊಬ್ಬರು, ಕಥೆ ತೆಗಿ, ಹಾಡು ತೆಗಿ, ಭಾವ ತೆಗಿ, ಕೊನೆಗೆ ಉಳಿಯೋದು ಬರೀ ಚಲನೆ, ಬರೀ ರೇಖೆ, ಅದೊಂದೇ ನೃತ್ಯ ಅಂದ್ರು. ಹಾಗಾದ್ರೆ ನಾನು ಇಷ್ಟು ವರ್ಷ ಕಲಿತದ್ದೇನು?"

ಹೇಳುತ್ತಲೇ ಅವಳ ಕಣ್ಣು ತುಂಬಿತು. ಮತ್ತೆ ಅತ್ತಿಂದಿತ್ತ ತಿರುಗತೊಡಗಿದಳು.

ತಿರುಮಲಮ್ಮ ತಂಬಿಗೆ ಮುಂದೆ ಹಿಡಿದರು. "ಬಾಯಾರಿದೆ, ಹೊಳೆ ನೀರು ತಾ. ಚಪ್ಪಲಿ ಇಲ್ಲೇ ಇರ್ಲಿ."

ಬೇಸಗೆಯಲ್ಲಿ ಹೊಳೆ ಬಡವಾಗಿತ್ತು. ನೆರಳಿಗೂ ನೀರಿಗೂ ನಡುವಿನ ಮರಳು ನಡುಹಗಲ ಬಿಸಿಲಿಗೆ ಬಾಣಲಿಯಂತೆ ಕಾದಿತ್ತು. ಮೂರು ಹೆಜ್ಜೆ ಇಟ್ಟದ್ದೇ ತಡ, ವಾರಿಜೆ ಅಯ್ಯಯ್ಯೋ ಎಂದು ಹಾರಿದಳು, ಕುಪ್ಪಳಿಸಿದಳು, ಎದ್ದೆನೋ ಬಿದ್ದೆನೋ ಎಂದು ಓಡಿ ನೀರಿಗಿಳಿದಳು.

"ಆ ಕುಣಿತ ಯಾರು ಕಲಿಸಿದ್ದು?" ನೆರಳಿನಿಂದಲೇ ಗುರು ಕೂಗಿ ಕೇಳಿದರು.

"ಯಾರೂ ಇಲ್ಲ!"

"ಹಾಗಾದ್ರೆ ಅದು ಮೊದಲನೇ ಪಂಡಿತರದ್ದು."

"ಅದು ಕುಣಿತ ಅಲ್ಲ ಅಮ್ಮ, ಒದ್ದಾಟ!" ಅವಳಿಗೆ ಸಿಟ್ಟೇ ಬಂದಿತ್ತು.

"ಸರಿ. ಈಗ ತಿರುಗಿ ಮರಳು ನೋಡು. ಕಥೆ ಇಲ್ಲ, ಹಾಡಿಲ್ಲ. ಬರೀ ರೇಖೆ. ಎರಡನೇ ಪಂಡಿತರದ್ದು."

ವಾರಿಜೆ ನೋಡಿದಳು. ಅವಳ ಹೆಜ್ಜೆಗುರುತುಗಳು ಅಂಕುಡೊಂಕಾಗಿ ಬಿದ್ದಿದ್ದವು. ಚೆಂದವಾಗಿಯೇ ಇದ್ದವು.

"ಅದರಲ್ಲಿ ಯಾರೂ ಇಲ್ವಲ್ಲ ಅಮ್ಮ."

"ಹೌದೇನೇ? ಹಾಗಾದ್ರೆ ಆ ಗುರುತಿನ ಮೇಲೇ ಕಾಲಿಟ್ಟು ವಾಪಸ್ ಬಾ. ತಾಳ ನಾನು ಹಾಕ್ತೀನಿ."

ತಿರುಮಲಮ್ಮ ಪಕ್ಕದಲ್ಲಿದ್ದ ತಾಳದ ಮಣೆಗೆ ಕೋಲು ತಟ್ಟತೊಡಗಿದರು. ಬಲು ನಿಧಾನದ ತಾಳ. ಪ್ರತಿ ಪೆಟ್ಟಿಗೂ ಮಡಿಲ ಗೆಜ್ಜೆ ಘಲ್ ಎನ್ನುತ್ತಿತ್ತು.

ವಾರಿಜೆ ತಂಬಿಗೆ ತುಂಬಿಕೊಂಡು ಮೊದಲ ಗುರುತಿಗೆ ಕಾಲಿಟ್ಟಳು. ಓಡು ಎಂದಿತು ಕಾಲು. ತಾಳ ಬಿಡಲಿಲ್ಲ. ಎರಡನೆಯದು. ಮೂರನೆಯದು. ಅರ್ಧ ದಾರಿಗೆ ಬರುವಷ್ಟರಲ್ಲಿ ಪಂಡಿತರಿಬ್ಬರೂ ಎತ್ತ ಹೋದರೋ ಅವಳಿಗೇ ಗೊತ್ತಾಗಲಿಲ್ಲ. ಉಳಿದದ್ದು ಅಂಗಾಲಿನ ಉರಿ ಮತ್ತು ಮುಂದಿನ ಗುರುತು.

"ಅಮ್ಮಾ, ಸುಡ್ತಿದೆ!"

ಕೋಲು ನಿಲ್ಲಲಿಲ್ಲ.

"ಸುಡ್ಲಿ. ಹೆಜ್ಜೆ ತಪ್ಪಬಾರದು."