ಸಾಲದು ಅಂದ ಡೈನೋಸಾರ್

ಒಂದಾನೊಂದು ಊರಿನಲ್ಲಿ, ಚಡಪಡಪುರ ಅಂತ ಅದರ ಹೆಸರು, ಸಾವಂತ್ರಮ್ಮ ಅನ್ನೋ ಅಜ್ಜಿ ಇದ್ದಳು. ಸುಮ್ಮನಿರೋದು ಅವಳಿಗೆ ಗೊತ್ತೇ ಇರಲಿಲ್ಲ. ಕೈಗೆ ಕೆಲಸ ಸಿಗದಿದ್ದರೆ ಸೆರಗಿನ ಅಂಚು ಹೆಣೆಯೋಳು. ಸೆರಗು ಮುಗಿದರೆ ಪಕ್ಕದಮನೆಯವಳ ಜಡೆ ಹೆಣೆಯೋಳು. ಜಡೆಯೂ ಮುಗಿದಾಗ ಒಮ್ಮೆ ಎದುರುಮನೆ ದ್ಯಾವಪ್ಪನ ಮೀಸೆ ಹೆಣೆದು ಬಂದಿದ್ದಳು.

ಅವಳ ಮೊಮ್ಮಗಳು ಬೆಳ್ಳಿ ಬಿಸ್ಕತ್ತಿನ ಪೊಟ್ಟಣ ಹಿಡಿದು ಓಡಿ ಬಂದಳು.

"ಅಜ್ಜೀ, ನಂಗೆ ಇದು ಬೇಕು."

"ಬಿಸ್ಕತ್ತಾ?"

"ಅದು ತಿಂದಾಯ್ತು. ಪೊಟ್ಟಣದ ಮೇಲಿದೆಯಲ್ಲ, ಈ ಡೈನೋಸಾರ್ ಬೇಕು."

ಅಜ್ಜಿಗೆ ಇನ್ನೇನು ಬೇಕು? ಖಾಲಿ ಎಣ್ಣೆ ಡಬ್ಬಿ ಹೊಟ್ಟೆಯಾಯಿತು. ದಾರ ಮುಗಿದ ಉರುಳೆಗಳು ಕಾಲಾದವು. ಮೊಟ್ಟೆಯ ಟ್ರೇ ಕತ್ತರಿಸಿದರೆ ಬೆನ್ನಿನ ಮುಳ್ಳು. ಖಾಲಿ ಬೆಂಕಿಪೊಟ್ಟಣ ಪೋಣಿಸಿದರೆ ಬಾಲ. ಬಾಯಿಗೊಂದು ಬಟ್ಟೆ ಕ್ಲಿಪ್ಪು. ಮೈದಾ ಅಂಟು ಒಣಗುವ ಮೊದಲೇ ಕ್ಲಿಪ್ಪು ಟಪ್ಪಂತ ತೆರೆದುಕೊಂಡಿತು.

"ಸಾಲದು" ಅಂದಿತು ಡೈನೋಸಾರ್.

"ಏನಪ್ಪಾ ಸಾಲದು?"

"ಬಾಲ ಸಾಲದು."

ಅಜ್ಜಿ ಇನ್ನೆರಡು ಬೆಂಕಿಪೊಟ್ಟಣ ಸೇರಿಸಿದಳು. ಸಾಲದು. ಪೇಸ್ಟಿನ ಟ್ಯೂಬು ಸೇರಿಸಿದಳು. ಸಾಲದು. ಪೌಡರ್ ಡಬ್ಬಿ, ಹರಿದ ಕಾಲುಚೀಲ, ಶಾಂಪೂ ಬಾಟಲಿ. ಸಾಲದು, ಸಾಲದು, ಸಾಲದು. ಬಾಲ ಹೊಸ್ತಿಲು ದಾಟಿ ಬೀದಿಗೆ ಬಿತ್ತು. ಏನಿದ್ದರೂ ಸಾಲದು ಸಾಲದು ಅನ್ನುತ್ತ ಬೀದಿಯಲ್ಲಿ ಓಡುತ್ತಿದ್ದ ರಾಜ ಗಡಿಬಿಡಿರಾಯ ಎಡವಿ ಬಿದ್ದ.

"ಯಾರದ್ದೋ ಈ ಬಾಲ?"

"ನನ್ನದು. ಆದರೆ ಸಾಲದು."

ರಾಜನ ಮುಖ ಅರಳಿತು. "ಅರೆ! ಇದು ನನ್ನ ಹಾಗೇ ಮಾತಾಡುತ್ತೆ! ನಡೀರಿ, ಅರಮನೆಗೆ ಹೊತ್ಕೊಂಡು ನಡೀರಿ!"

ಬೆಳ್ಳಿ ಗೊಳೋ ಅಂತ ಅತ್ತಳು. ಅಜ್ಜಿ ಬಾಲ ಹಿಡಿದುಕೊಂಡೇ ಹಿಂದೆ ಓಡಿದಳು.

"ಸ್ವಾಮಿ, ಮಗು ಆಡೋ ಸಾಮಾನು. ಕೊಟ್ಬಿಡಿ."

"ಕೊಡೋಣ. ಅದು 'ಸಾಕು' ಅಂದ ಕ್ಷಣವೇ ಕೊಡೋಣ. ಅಲ್ಲೀತನಕ ನೀನು ಬಾಲ ಕಟ್ತಾ ಇರು."

ಅಜ್ಜಿ ಕಟ್ಟಿದಳು. ಆದರೆ ಬಾಲಕ್ಕೆ ಖಾಲಿಯಾದದ್ದೇ ಬೇಕು. ಊರಿನಲ್ಲಿ ಖಾಲಿ ಡಬ್ಬಿಗಳು ಖಾಲಿಯಾದವು. ಆಗ ಮಂತ್ರಿ ಡಂಗುರ ಹೊಡೆಸಿದ: "ತುಂಬಿದ್ದನ್ನೆಲ್ಲ ಖಾಲಿ ಮಾಡತಕ್ಕದ್ದು! ಬೇಗ ಮಾಡತಕ್ಕದ್ದು!"

ಶುರುವಾಯಿತು ನೋಡಿ. ಜನ ಬೆಳಗಿನಿಂದ ಸಂಜೆವರೆಗೆ ಹಲ್ಲುಜ್ಜಿದರು. ಬೀದಿಯಲ್ಲಿ ನೊರೆ ಹರಿಯಿತು. ತಲೆಗೆ ಎಣ್ಣೆ ಹಚ್ಚಿ ಸಾಕಾಗಿ ಎಮ್ಮೆಗೆ ಹಚ್ಚಿದರು, ಎಮ್ಮೆ ಸಾಲದೆ ಎಮ್ಮೆಯ ನೆರಳಿಗೂ ಹಚ್ಚಿದರು. ನಡುಹಗಲಿನಲ್ಲಿ ಕಡ್ಡಿ ಗೀರಿ ಗೀರಿ, ಸೂರ್ಯ ಇದ್ದಾನಾ ಅಂತ ನೋಡಿದರು. ಟ್ರೇ ಖಾಲಿಯಾಗಲೆಂದು ಮೊಟ್ಟೆ ತಿಂದರು, ತಿಂದರು. ಕೋಳಿಗಳು ಗಾಬರಿಬಿದ್ದು ಗುಡ್ಡ ಹತ್ತಿದವು. ಯಾರೂ ಕೂರಲಿಲ್ಲ. ಯಾರೂ ಮಲಗಲಿಲ್ಲ.

ಬಾಲ ಕೋಟೆ ಸುತ್ತಿತು, ಕೆರೆ ಸುತ್ತಿತು. ಸಾವಂತ್ರಮ್ಮನ ಬೆರಳು ಊದಿಕೊಂಡವು. ಹುಟ್ಟಿದ ಮೇಲೆ ಮೊದಲ ಸಲ ಅವಳಿಗೆ ಕೈ ಕಟ್ಟಿ ಕೂರಬೇಕು ಅನ್ನಿಸಿತು. ಆದರೆ ಅರಮನೆಯ ಕಿಟಕಿಯಾಚೆ ಊಟ ಬಿಟ್ಟು ನಿಂತಿದ್ದ ಬೆಳ್ಳಿಯ ಮುಖ ನೋಡಿದರೆ ಹೇಗೆ ಕೂರುತ್ತಾಳೆ?

ಕೊನೆಗೆ ಬೆಳ್ಳಿಯೇ ಕಾವಲಿನವನ ಕಾಲಸಂದಿಯಲ್ಲಿ ನುಸುಳಿ ಒಳಗೆ ಬಂದಳು. ಡೈನೋಸಾರಿನ ಮೂತಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯಾಕೋ ನಿಂಗೆ ಸಾಲದು?"

ಈ ಮಾತನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಕ್ಲಿಪ್ಪು ಮೆಲ್ಲಗೆ ತೆರೆದುಕೊಂಡಿತು.

"ಲೋಕದಲ್ಲಿ ನನ್ನಂಥವರು ಯಾರೂ ಉಳಿದಿಲ್ಲವಂತೆ. ಬಾಲ ಉದ್ದವಾದರೆ ಎಲ್ಲಾದರೂ ಒಬ್ಬರಿಗೆ ತಾಗೀತು ಅಂತ..."

"ತಾಗಿತಾ?"

"ಒಂದು ಎಮ್ಮೆಗೆ ತಾಗಿತು. ಒದ್ದಿತು."

ಬೆಳ್ಳಿ ಅಜ್ಜಿಯ ಕಡೆ ತಿರುಗಿದಳು. "ಅಜ್ಜೀ, ಬಾಲ ಕತ್ತರಿಸು."

"ಕತ್ತರಿಸಿದರೆ ತಲೆ ಹೋದೀತು!" ಅಂತ ರಾಜ ಕೂಗಿದ.

"ತಲೆ ಈ ಕಡೆ ಇದೆ ಸ್ವಾಮಿ, ಕತ್ತರಿಸೋದು ಆ ಕಡೆ" ಅಂದಳು ಅಜ್ಜಿ. ಅದು ಸರಿಯಾದ ಮಾತಾದ್ದರಿಂದ ರಾಜನೇ ಓಡಿಹೋಗಿ ಕತ್ತರಿ ತಂದುಕೊಟ್ಟ.

ಕಚಕ್! ಒಂದು ತುಂಡಿಗೆ ಕಾಲು ಬಂತು. ಕಚಕ್! ಇನ್ನೊಂದಕ್ಕೆ ಕತ್ತು ಬಂತು. ಊರಿನ ಮಕ್ಕಳೆಲ್ಲ ಅಂಟು ಕಲಸಿದರು. ಉದ್ದಮೂತಿಯವು, ಗಿಡ್ಡಕಾಲಿನವು, ಮೂರು ಕೊಂಬಿನವು ಅಂಗಳದ ತುಂಬ ನಿಂತವು. ಮೊದಲನೆಯದು ಒಂದೊಂದನ್ನೇ ಮೂಸಿ ನೋಡಿತು. ಎಲ್ಲವೂ ಅದನ್ನು ಮೂಸಿ ನೋಡಿದವು.

"ಸಾಕು" ಅಂದಿತು ಅದು. ಬಾಯಿ ಮುಚ್ಚಿಕೊಂಡಿತು.

ಬೆಳ್ಳಿ ಅದನ್ನು ಕಂಕುಳಲ್ಲಿ ಇರುಕಿಕೊಂಡಳು. ರಾಜ ತುಟಿ ಉಬ್ಬಿಸಿದ. "ಮತ್ತೆ ನಂಗೆ?"

ಅಜ್ಜಿ ಪಾಪ ಅಂದುಕೊಂಡು, ಅವನ ಚಪ್ಪಲಿ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲೇ ಒಂದು ಮಾಡಿಕೊಟ್ಟಳು. ಅದು ಕಣ್ಣು ಬಿಟ್ಟು ರಾಜನನ್ನು ಮೇಲಿಂದ ಕೆಳಗೆ ನೋಡಿತು.

"ಕೂತ್ಕೋ" ಅಂದಿತು.

ರಾಜ ಕೂತ. ರಾಜ ಕೂತನೆಂದು ಮಂತ್ರಿ ಕೂತ. ಮಂತ್ರಿ ಕೂತನೆಂದು ಊರೇ ಕೂತಿತು. ಚಡಪಡಪುರದಲ್ಲಿ ಅವತ್ತು ಇರುವೆ ನಡೆದ ಸದ್ದೂ ಕೇಳಿಸಿತಂತೆ.

ನೀತಿ ಬೇಕಾ? ಖಾಲಿ ಡಬ್ಬಿ ಎಸೆಯೋ ಮುಂಚೆ ಕಿವಿ ಹತ್ತಿರ ಅಲ್ಲಾಡಿಸಿ ನೋಡಿ, ಒಳಗೆ ಯಾರೋ ನೆಂಟರ ದಾರಿ ಕಾಯುತ್ತಿರಬಹುದು. ಅವರ ಕತೆ ಅವರ ಡಬ್ಬಿಗೆ, ನಮ್ಮ ಅನ್ನ ನಮ್ಮ ತಟ್ಟೆಗೆ. ಏಳಿ, ಕೈ ತೊಳೀರಿ.