ತುಂಬುವ ಬಾಯಿ

ಮಂಗಳವಾರ ಬೆಳಿಗ್ಗೆ ಸಂಗನಬಸು ಹೊಳೆಯಲ್ಲಿ ಮಿಂದು ಬಂದು ಅಜ್ಜಾರ ಮುಂದೆ ಕೂತ. ಕೂತವನು ಸುಮ್ಮನೆ ಕೂತೇ ಇದ್ದ.

ಮಲಪ್ರಭೆಯ ದಂಡೆಯ ಆ ಸಣ್ಣ ಮಠದಲ್ಲಿ ಅವನು ಮೂರು ವರ್ಷದಿಂದ ಶಿಷ್ಯ. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಚಿತ್ರಕಲೆ ಮಾಸ್ತರ. ಪ್ರಶ್ನೆ ಕೇಳುವುದರಲ್ಲಿ ಎತ್ತಿದ ಕೈ. ಅಂಥವನು ಬಾಯಿ ಬಿಡದ್ದು ನೋಡಿ ಗುರುಗಳೇ ಕೇಳಿದರು. ಅವರನ್ನು ಊರವರೆಲ್ಲ ಅಜ್ಜಾರು ಎಂದೇ ಕರೆಯುತ್ತಿದ್ದರು.

“ಏನಾತೋ?”

“ಅಕ್ಕಂದು ಗಂಟಲ ಆಪರೇಶನ್ ಐತ್ರಿ. ನಾಡದು ಗುರುವಾರ, ಹುಬ್ಬಳ್ಳಿಯಾಗ. ನಿನ್ನೆ ಅಕಿ ಮಗ ಅಕಿ ಫೋನಿನಿಂದ ಹಚ್ಚಿದ್ದ.”

“ಜೀವಕ್ಕೇನರ ಐತೇನು?”

“ಜೀವಕ್ಕೇನಿಲ್ಲ ಅಂದಾರ್ರಿ. ಆದ್ರ ಧ್ವನಿಪೆಟಗಿ ತಗೀತಾರಂತ. ಆಮ್ಯಾಲೆ ಮಾತು ಇಲ್ಲ.”



“ಮತ್ತ ನೀ ಇಲ್ಲೇನ್ ಮಾಡಾಕತ್ತಿ?”

ಸಂಗನಬಸು ತಲೆ ತಗ್ಗಿಸಿದ. ಕಥೆ ಅಜ್ಜಾರಿಗೆ ಗೊತ್ತಿದ್ದದ್ದೇ. ಏಳು ವರ್ಷದ ಹಿಂದೆ ಅವನು ಶ್ರೀಶೈಲಕ್ಕೆ ಪಾದಯಾತ್ರೆ ಹೋಗಿದ್ದಾಗ ತಾಯಿ ತೀರಿಕೊಂಡಿದ್ದಳು. ಅಕ್ಕ ನೀಲಗಂಗವ್ವ ಇವನಿಗಾಗಿ ಕಾಯದೆ ಮಣ್ಣು ಮಾಡಿಸಿದ್ದಳು. ಇವನು ಊರು ಮುಟ್ಟಿದಾಗ ಸಮಾಧಿಯ ಗುಡ್ಡೆಯ ಮೇಲಿನ ಹೂಗಳೆಲ್ಲ ಬಾಡಿದ್ದವು. ಅವತ್ತು ನಿಂತ ಮಾತು ಇವತ್ತಿನವರೆಗೂ ಶುರುವಾಗಿರಲಿಲ್ಲ.

“ಹೊಟ್ಟ್ಯಾಗ ಸಿಟ್ಟು ಇಟ್ಕೊಂಡು ಹ್ಯಾಂಗ ಹೋಗ್ಲಿ, ಅಜ್ಜಾರ? ಅಕಿ ಮಾತಾಡೂ ಕಡೀ ದಿನ ಅದಾವು. ಮೊದ್ಲ ಈ ಸಿಟ್ಟು ಖಾಲಿ ಮಾಡ್ರಿ. ಖಾಲಿ ಆತಂದ್ರ ನಾಳೆ ಹೋಗಿ ಎರಡು ಚಲೋ ಮಾತು ಆಡಿ ಬರ್ತೀನಿ.”

“ಪೂರಾ ಖಾಲಿ ಆಗಬೇಕಾ?”

“ಒಂದು ಹನಿ ಉಳೀಬಾರದ್ರಿ.”

“ಚಲೋ ಆತು,” ಎಂದರು ಅಜ್ಜಾರು. “ಹೋಗಿ ನಮ್ಮ ಕಾರಿನ ಗೇರ್ ಪೆಟಗಿ ಎಣ್ಣಿ ಬದಲ್ ಮಾಡು.”

ಸಂಗನಬಸು ಕಿವಿ ಮುಟ್ಟಿಕೊಂಡ.

“ಎಣ್ಣಿ ಅಂದ್ರೇನ್ರಿ?”

“ಎರಡು ಲೀಟರ್ ತರಿಸಿಟ್ಟೀನಿ. ಮೂರನೇ ಗೇರಿಗೆ ಹಾಕಿದ್ರ ಗಾಡಿ ಕೋಣ ಒದರಿದಂಗ ಒದರತೈತಿ. ನಾಳೆ ಹುಬ್ಬಳ್ಳಿಗೆ ಹೋಗೂದಾದ್ರ ಅದರಾಗ ಹೋಗಬೇಕಲ್ಲೋ.”

ಇದೊಳ್ಳೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತಲ್ಲ ಎಂದುಕೊಂಡ ಸಂಗನಬಸು. ಆದರೆ ಗುರುವಿನ ಮಾತು. ಎದ್ದು ಹೋದ.

ಕಾರು ಇಪ್ಪತ್ತು ವರ್ಷದ್ದು. ಭಕ್ತರೊಬ್ಬರು ತಮಗೆ ಸಾಕಾದ ಮೇಲೆ ಮಠಕ್ಕೆ ಭಕ್ತಿಯಿಂದ ಒಪ್ಪಿಸಿದ್ದು. ಮಠದ ಹಿಂದೆ ನೀರಿಲ್ಲದ ಸಣ್ಣ ಕಾಲುವೆ ಇತ್ತು. ಎರಡೂ ಕಡೆಯ ಚಕ್ರಗಳು ಎರಡು ದಡದ ಮೇಲೆ ಬರುವ ಹಾಗೆ ಕಾರು ನಿಲ್ಲಿಸಿ, ಸಂಗನಬಸು ಕಾಲುವೆಯೊಳಗೆ ಇಳಿದು ಅಂಗಾತ ಮಲಗಿದ.

ಗೇರಿನ ಪೆಟ್ಟಿಗೆಗೆ ತಿರುವಿ ಬಿಚ್ಚುವ ಎರಡು ಬಿರಡೆ. ಒಂದು ತಳದಲ್ಲಿ, ಇನ್ನೊಂದು ಪಕ್ಕದಲ್ಲಿ, ಗೇಣು ಮೇಲೆ. ಅವನು ತಳದ್ದಕ್ಕೆ ಪಾನಾ ಹಾಕಿ ತಿರುವಿದ. ಅದು ಕೂಡಲೇ ಬಿಚ್ಚಿಕೊಂಡಿತು. ಕೆಳಗಿಟ್ಟ ಪರಾತಕ್ಕೆ ಎಣ್ಣೆ ಸುರಿಯಿತು. ಕಾಡಿಗೆಯಂಥ ಕಪ್ಪು, ಸುಟ್ಟ ವಾಸನೆ.

ಅದು ಸುರಿಯುವುದನ್ನು ನೋಡುತ್ತ ಅವನಿಗೆ ಖುಷಿಯಾಯಿತು. ಅಜ್ಜಾರು ಏನು ತೋರಿಸುತ್ತಿದ್ದಾರೆ ಎಂದು ತನಗೆ ತಿಳಿದೇಬಿಟ್ಟಿತು ಎಂದುಕೊಂಡ. ಕೊನೆಯ ಹನಿ ಬೀಳುವತನಕ ಕಾದು, ಕಪ್ಪು ಕೈಯಲ್ಲೇ ಓಡಿಬಂದ.

“ಖಾಲಿ ಆತ್ರಿ! ಒಂದು ಹನಿ ಇಲ್ಲ!”

“ಹೊಸಾದು ಹಾಕಿದಿ?”

“ಈಗ ಹಾಕ್ತೀನ್ರಿ.”

“ಎಲ್ಲಿಂದ ಹಾಕತಿ?”

“ಪಕ್ಕದಾಗ ಇನ್ನೊಂದು ಬಿರಡಿ ಐತಲ್ರಿ.”

“ಅದನ್ನ ಬಿಚ್ಚಿ ನೋಡಿಯೇನು?”

“ಇನ್ನೂ ಇಲ್ರಿ.”

“ಹೋಗಿ ಬಿಚ್ಚು.”

ಹೋದ. ಪಾನಾ ಹಾಕಿ ಜಗ್ಗಿದ. ಬಿರಡೆ ಅಲುಗಲಿಲ್ಲ. ಎರಡೂ ಕೈ ಹಚ್ಚಿ ಜಗ್ಗಿದ. ಪಾನಾ ಜಾರಿ ಬೆರಳ ಗೆಣ್ಣು ಕಿತ್ತು ರಕ್ತ ಬಂತು. ಬಿರಡೆ ಇದ್ದಲ್ಲೇ ಇತ್ತು. ತುಕ್ಕು ಹಿಡಿದು ಪೆಟ್ಟಿಗೆಯೇ ತಾನಾಗಿ ಕೂತಿತ್ತು. ವರ್ಷಾನುಗಟ್ಟಲೆ ಅದನ್ನು ಯಾರೂ ಮುಟ್ಟಿರಲಿಲ್ಲ.

ಮತ್ತೆ ಬಂದು ನಿಂತ.

“ಬರವಲ್ದ್ರಿ.”

“ತಳದ್ದು ಬಂತಲ್ಲ?”

“ಅದು ಬಂತ್ರಿ.”

“ಹಂಗಾದ್ರ ಈಗ ನಿನ್ನ ಹತ್ರ ಏನೈತಿ?”

“ಖಾಲಿ ಪೆಟಗಿ.”

“ನೀ ಕೇಳಿದ್ದೂ ಅದ ಅಲ್ಲೇನು?”

ಸಂಗನಬಸುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೆರಳು ಚುರುಗುಡುತ್ತಿತ್ತು.

“ಗ್ಯಾರೇಜ್ ಮೂರು ಮೈಲಿ ಅಷ್ಟ ಐತ್ರಿ. ಹಿಂಗ ನಿಧಾನಕ ಓಡಿಸ್ಕೊಂಡು ಹೋಗ್ಲೇನ್ರಿ?”

“ಹೋಗು. ಪೆಟಗ್ಯಾಗಿನ ಹಲ್ಲು ದಾರಿ ತುಂಬಾ ಉದುರತಾವು. ಬರೂ ಮುಂದ ಆರಿಸ್ಕೊಂಡು ಬಾ.”

“ಆ ಕರೀ ಎಣ್ಣಿ ಮ್ಯಾಲೆ ಓಡತಿತ್ತಲ್ರಿ?”

“ಓಡತಿತ್ತು. ಒದರತಿತ್ತು, ಆದ್ರ ಓಡತಿತ್ತು.”

“ಹಂಗಾದ್ರ ಆ ಹೊಲಸು ಎಣ್ಣೀನೂ ಬೇಕೇನ್ರಿ?”

“ಹೊಸಾದು ಒಳಗ ಬರೂ ದಾರಿ ಐತೋ ಇಲ್ಲೋ ಗೊತ್ತಾಗೂತನಕ ಬೇಕು. ಯಾವ ಬಾಯಿ ಮೊದ್ಲ ಬಿಚ್ಚಬೇಕಾಗಿತ್ತು?”

“ತುಂಬೂ ಬಾಯಿ.”

“ಯಾಕ ಬಿಚ್ಚಲಿಲ್ಲ?”

“ಮೊದ್ಲ ಹೊಲಸು ಹೋಗ್ಲಿ ಅಂತ, ಅಜ್ಜಾರ.”

“ಎಲ್ಲಾರೂ ಹಂಗ ಅಂತಾರ,” ಎಂದು ಅಜ್ಜಾರು ಎದ್ದು ಸೀಮೆಎಣ್ಣೆಯ ಬಾಟಲಿ ಹುಡುಕಲು ಹೋದರು.

ಅವರು ಏನೋ ಹೇಳುತ್ತಿದ್ದಾರೆ ಎಂಬುದು ಸಂಗನಬಸುವಿಗೆ ತಿಳಿಯಿತು. ಏನು ಹೇಳುತ್ತಿದ್ದಾರೆ ಎಂಬುದು ತಿಳಿಯಲಿಲ್ಲ. ಖಾಲಿಯಾಗು ಖಾಲಿಯಾಗು ಎಂದು ಓದಿದ ಗ್ರಂಥಗಳಲ್ಲೆಲ್ಲ ಇತ್ತು. ಈ ಬಿರಡೆಯ ವಿಷಯ ಯಾವ ಗ್ರಂಥದಲ್ಲೂ ಇರಲಿಲ್ಲ.

ಬಿರಡೆಯ ಸುತ್ತ ಸೀಮೆಎಣ್ಣೆ ಬಿಟ್ಟರು. ಸಣ್ಣ ಸುತ್ತಿಗೆ ಅವನ ಕೈಗೆ ಕೊಟ್ಟರು.

“ಬಡಿ. ಜೋರಾಗಿ ಅಲ್ಲ. ಬಾಗಿಲ ಬಡದಂಗ.”

“ಎಷ್ಟು ಹೊತ್ರಿ?”

“ಒಳಗಿನವರು ಏಳೂತನಕ.”

ಟಕ್ ಟಕ್ ಎಂದು ಬಡಿಯುತ್ತ ಮಧ್ಯಾಹ್ನ ಕಳೆಯಿತು. ನಡುನಡುವೆ ಪಾನಾ ಹಾಕಿ ಜಗ್ಗುವನು. ಬರುತ್ತಿರಲಿಲ್ಲ. ಮೈಯೆಲ್ಲ ಬೆವರು, ಕಣ್ಣಲ್ಲಿ ತುಕ್ಕಿನ ಪುಡಿ. ಹುಬ್ಬಳ್ಳಿಯ ಯಾವುದೋ ಮಂಚದ ಮೇಲೆ ಅಕ್ಕ ಮಲಗಿರಬೇಕು, ನಾನಿಲ್ಲಿ ಕಾರಿನ ಹೊಟ್ಟೆ ಬಡಿಯುತ್ತಿದ್ದೇನೆ ಎಂದು ಅವನಿಗೆ ತನ್ನ ಮೇಲೇ ರೋಸಿಹೋಯಿತು. ಆ ಬೇಸರದಲ್ಲಿ, ಮಲಗಿದವನಿಗೆ ಎಡಬಲ ತಪ್ಪಿ, ಪಾನಾವನ್ನು ಬಿಗಿಯುವ ಕಡೆಗೇ ತಿರುವಿದ.

ಕಿರ್ ಎಂದು ಬಿರಡೆ ಎಳ್ಳಷ್ಟು ಅಲುಗಿತು.

“ಅಜ್ಜಾರ! ತಪ್ಪು ಕಡೆ ತಿರುವಿದ್ನಿ, ಇನ್ನೂ ಬಿಗಿ ಆತು!”

“ಅಲುಗಿತೋ ಇಲ್ಲೋ?”

“ಅಲುಗಿತ್ರಿ.”

“ಈಗ ಬಿಚ್ಚೂ ಕಡೆ ತಿರುವು.”

ತಿರುವಿದ. ಬಿರಡೆ ಬಿಚ್ಚಿಕೊಂಡು ಅಂಗೈಗೆ ಬಂತು.

“ಬಿಗಿ ಮಾಡಿದ್ರ ಸಡಲ ಆಗೂದು ಹ್ಯಾಂಗ್ರಿ?”

“ಅಲುಗಬೇಕಾಗಿತ್ತು, ಅಷ್ಟ. ತಳದ್ದನ್ನ ಮುಚ್ಚಿಯೇನು? ಇಲ್ಲಂದ್ರ ಮ್ಯಾಲಿಂದ ಹಾಕಿದ್ದೆಲ್ಲ ಕಾಲುವೀಗೆ.”

ಮುಚ್ಚಿರಲಿಲ್ಲ. ನಾಲಿಗೆ ಕಚ್ಚಿಕೊಂಡು ತಳದ ಬಿರಡೆಯನ್ನು ಒರೆಸಿ ಭದ್ರವಾಗಿ ಕೂಡಿಸಿದ.

ಅಜ್ಜಾರು ಬಾನೆಟ್ಟಿನ ಕೊಂಡಿಗೆ ಹಗ್ಗದಲ್ಲಿ ಲಾಳಿಕೆ ಕಟ್ಟಿ, ಅದಕ್ಕೊಂದು ಉದ್ದನೆಯ ಪೈಪು ಸಿಕ್ಕಿಸಿ ಕೆಳಗೆ ಬಿಟ್ಟರು. ಪೈಪಿನ ತುದಿ ತೂತಿನಲ್ಲಿ ನಿಲ್ಲುತ್ತಿರಲಿಲ್ಲ, ಕೆಳಗಿನಿಂದ ಒತ್ತಿ ಹಿಡಿಯಬೇಕಿತ್ತು. ಬಿಟ್ಟರೆ ಎಣ್ಣೆಯೆಲ್ಲ ಮುಖದ ಮೇಲೆ.

“ಹಿಡದಿಯೇನು?”

“ಹಿಡದೀನ್ರಿ.”

“ಎರಡೂ ಕೈಲೆ?”

“ಎರಡೂ ಕೈಲೆ.”

“ಏನಾದ್ರೂ ಬಿಡಬ್ಯಾಡ.”

ಅಜ್ಜಾರು ಹೊಸ ಎಣ್ಣೆಯ ಡಬ್ಬಿಯನ್ನು ಲಾಳಿಕೆಯಲ್ಲಿ ಬೋರಲು ಹಾಕಿ ನಿಲ್ಲಿಸಿದರು. ಗೇರಿನ ಎಣ್ಣೆ ಮಂದ, ಬೆಲ್ಲದ ಪಾಕದಂತೆ ನಿಧಾನಕ್ಕೆ ಇಳಿಯತೊಡಗಿತು. ಪೈಪು ಸಣ್ಣಗೆ ನಡುಗುವುದು ಸಂಗನಬಸುವಿನ ಬೆರಳಿಗೆ ತಿಳಿಯುತ್ತಿತ್ತು.

ಅಜ್ಜಾರ ಪಾದಗಳು ಕಾರನ್ನು ಸುತ್ತಿ ಅವನ ತಲೆಯ ಹತ್ತಿರ ಬಂದು ನಿಂತವು. ಆಮೇಲೆ ಒಂದು ಕೈ ಕೆಳಗೆ ಬಂತು. ಸೀಟಿನ ಮೇಲೆ ಬಿಟ್ಟಿದ್ದ ಅವನದೇ ಫೋನನ್ನು ಅವನ ಕಿವಿಯ ಪಕ್ಕ ಮಣ್ಣಿನಲ್ಲಿಟ್ಟಿತು. ಫೋನು ರಿಂಗಾಗುತ್ತಿತ್ತು.

“ಯಾರಿಗೆ ಹಚ್ಚೀರಿ, ಅಜ್ಜಾರ?”

ಕತ್ತು ಹೊರಳಿಸಿದರೆ ಪರದೆಯ ಮೇಲೆ ನಿನ್ನೆ ಬಂದಿದ್ದ ಅಕ್ಕನ ನಂಬರು.

“ತಗೀರಿ ಇದನ್ನ! ನನ್ನ ಸಿಟ್ಟು ಇನ್ನೂ ಹಂಗ ಐತ್ರಿ! ನಾನಿನ್ನೂ ಖಾಲಿ ಆಗಿಲ್ರಿ!”

“ಯಾರ್ರೀ?” ಎಂದಿತು ಫೋನು.

ಒಡೆದ, ಗೊಗ್ಗರು ದನಿ. ಆದರೂ ಅದೇ ದನಿ. ಚಿಕ್ಕವನಿದ್ದಾಗ ಹೊಳೆಯಿಂದ ಮನೆಗೆ ಕೂಗಿ ಕರೆಯುತ್ತಿದ್ದದ್ದು. ಸಂಗನಬಸು ಏಳಲು ಹೋದ. ಓಡಿಹೋಗಲು ಕೈ ಬಿಡುವಂತಿರಲಿಲ್ಲ.

“ಸಂಗ್ಯಾ ಏನೋ?”

ಏಳು ವರ್ಷದಿಂದ ಜೋಡಿಸಿಟ್ಟ ಚಲೋ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ.

“ಯಾಕ ಕಾಯಲಿಲ್ಲ?” ಎಂದು ಅವನು ಕಾರಿನ ತಳಕ್ಕೆ ಒದರಿದ.

 ಆ ಕಡೆ ಕಟ್ಟೆಯೊಡೆಯಿತು.

“ಏಳು ವರ್ಷಕ್ಕ ಫೋನ್ ಹಚ್ಚಿ ಇದನ್ನ ಕೇಳ್ತಿಯೇನೋ, ಹುಚ್ಚಪ್ಯಾಲಿ? ಕಾದೆ! ಹೊತ್ತು ಮುಳಗೂತನಕ ಕಾದೆ! ನಿನ್ನ ಫೋನ್ ಬಂದ್. ಯಾವ ಅಡವ್ಯಾಗ ಹುಡುಕಲಿ ನಿನ್ನ? ಯುಗಾದಿ ಬಿಸಲಾಗ ಹೆಣ ಎಷ್ಟೊತ್ತು ಇಡ್ತಿ ಅಂತ ಮಂದಿ ನನಗ ಬೈದ್ರು.”

“ನನ್ನ ಕೈ ಮಣ್ಣು ಬೀಳದ ಹೋದಳು ಅವ್ವ!”

“ಯಾರು ಹೇಳಿದ್ರು ನಿನಗ? ನನ್ನ ಪಾಲಿಂದು ಮೂರು ಹಿಡಿ ಹಾಕಿದೆ. ಆಮ್ಯಾಲೆ ‘ಯವ್ವಾ, ಇದು ಸಂಗ್ಯಾಂದು’ ಅಂತ ಒದರಿ ಹೇಳಿ ಮತ್ತ ಮೂರು ಹಿಡಿ ಹಾಕಿದೆ. ಇಕಿ ಎಷ್ಟು ಸಲ ಹಾಕತಾಳ ಅಂತ ಮಂದಿ ನಗಾಡಿದ್ರು. ಒಂದಿನಾರ ಬಂದು ಕೇಳಿಯೇನು ನನ್ನ?”

ಸಂಗನಬಸು ಕೇಳಿರಲಿಲ್ಲ. ಸಿಟ್ಟು ಕಡಿಮೆಯಾಗಲಿ, ಆಮೇಲೆ ಕೇಳೋಣ ಎಂದು ಏಳು ವರ್ಷ ದಾಟಿಸಿದ್ದ. ಕಣ್ಣು ತುಂಬಿ ನೀರು ಎರಡೂ ಕಿವಿಗೆ ಇಳಿಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ.

ನೀಲಗಂಗವ್ವ ನಿಲ್ಲಿಸಲಿಲ್ಲ. ಮಾಸ್ತರಿಕೆ ಬಿಟ್ಟದ್ದಕ್ಕೆ ಬೈದಳು. ತನ್ನ ಮಗನ ಮದುವೆಗೆ ಬಾರದ್ದಕ್ಕೆ ಬೈದಳು. ಕೆಮ್ಮು ಬಂತು. ಕೆಮ್ಮಿ ನೀರು ಕುಡಿದು ಮತ್ತೆ ಅಲ್ಲಿಂದಲೇ ಹಿಡಿದಳು. ಇವನೂ ನಡುನಡುವೆ ಒದರಿದ. ತಾನು ಏನು ಒದರುತ್ತಿದ್ದೇನೆ ಎಂಬುದು ಅವನಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಪೆಟ್ಟಿಗೆ ತುಂಬಿ, ಹೊಸ ಎಣ್ಣೆ ತೂತಿನ ಅಂಚಿನಿಂದ ಅವನ ಮುಂಗೈ ಮೇಲೆ ಚೆಲ್ಲತೊಡಗಿತು.

“ಅಜ್ಜಾರ! ಎಣ್ಣಿ ತುಂಬಿ ಚೆಲ್ಲಾಕತ್ತೈತ್ರಿ! ಅಕ್ಕ ಬೈಯೂದು ನಿಲ್ಲಸವಲ್ಲಳು. ಸಿಟ್ಟು ಐತೋ ಹೋತೋ ಒಂದೂ ತಿಳೀವಲ್ದು. ಬಾಯಿ ಮುಚ್ಚಲೇನ್ರಿ?”

ಅಜ್ಜಾರು ಕಾಲುವೆಯ ದಂಡೆಯ ಮೇಲೆ ಕೂತರು.

“ಎಣ್ಣಿ ತಾನ ನಿಲ್ಲತೈತಿ. ಅಕಿ ಬೈಲಿ ಬಿಡೋ, ಇನ್ನ ಎರಡ ದಿನ ಐತಿ.”