ಉಪ್ಪಿನ ಜತನಿ ಕೋಲು ಬಿಟ್ಟುಕೊಟ್ಟದ್ದು

ಒಂದಾನೊಂದು ಕಾಲದಲ್ಲಿ, ಸಮುದ್ರದಾಚೆ, ಕಾಫಿಗಿಡ ಕಾಡಲ್ಲಿ ತಾನಾಗೇ ಬೆಳೆಯೋ ಸೀಮೆಯಲ್ಲಿ, ಒರೋಮೋ ಅನ್ನೋ ಜನ ಇದ್ದರಂತೆ, ಅವರಲ್ಲಿ ಜತನಿ ಅಂತ ಒಬ್ಬ ಉಪ್ಪಿನ ವ್ಯಾಪಾರಿ. ಮೊದಲು ಅವನ ಹತ್ರ ಒಂದು ಬಡಕಲು ಕತ್ತೆ ಬಿಟ್ಟರೆ ಏನೂ ಇರಲಿಲ್ಲವಂತೆ. ಕಾಲು ಕಂಬಳಿ ಒಳಗೆ ಎಳ್ಕೋ ಮರಿ, ಚಳಿ. ಆಮೇಲೆ ಉಪ್ಪು ಹೊತ್ತು ಹೊತ್ತು, ತೂಕದಲ್ಲಿ ಯಾರಿಗೂ ಮೋಸ ಮಾಡದೆ, ಕತ್ತೆ ಹೋಗಿ ಒಂಟೆ ಬಂತು, ಒಂಟೆ ಹೋಗಿ ಒಂಟೆಗಳ ಸಾಲೇ ಬಂತಂತೆ. ದುಡ್ಡು ಬಂದಮೇಲೆ ತಲೆ ತಿರುಗಬೇಕಲ್ಲ, ಇವನಿಗೆ ತಿರುಗಲಿಲ್ಲ. ಹೂಳು ತುಂಬಿದ್ದ ಊರ ಬಾವೀನ ತನ್ನ ಖರ್ಚಲ್ಲೇ ತೋಡಿಸಿದನಂತೆ.

ಆಮೇಲೆ ಜನ ಅವನನ್ನ ದೊಡ್ಡ ಅತ್ತಿಮರದ ಕೆಳಗೆ ಕೂರಿಸಿ, ಕೈಗೆ ಕೋಲು ಕೊಟ್ಟು, ಇನ್ನು ನೀನೇ ನಮ್ಮ ಮುಖಂಡ ಅಂದರಂತೆ. ಅಲ್ಲಿ ಕೋಲು ಹಿಡಿದವನನ್ನ ಮುದುಕರೂ ಅಪ್ಪಾ ಅಂತಲೇ ಕರೀಬೇಕು. ಆದರೆ ಎಂಟೇ ವರ್ಷ, ಆಮೇಲೆ ಕೋಲು ಮುಂದಿನವನಿಗೆ. ನಿಮ್ಮ ತಾತನ ಹಾಗೆ ಸೊಸೈಟಿ ಕುರ್ಚೀನ ತಬ್ಬಿಕೊಂಡು ಕೂರೋ ಹಾಗಿಲ್ಲ!

ಜತನಿ ಬಹಳ ಚೆನ್ನಾಗಿ ನಡೆಸಿದನಂತೆ. ಗುಡ್ಡದಾಚೆ ಜನಕ್ಕೂ ಇವರಿಗೂ ಹಳೇ ಜಗಳ. ಆದರೂ ಅವರ ಕೆರೆ ಒಣಗಿದಾಗ, ಬಾಯಾರಿದ ದನಕ್ಕೆ ಜಗಳ ಗೊತ್ತೇನ್ರೋ ಅಂತ ಬಾವಿ ಬಿಟ್ಟುಕೊಟ್ಟನಂತೆ. ಮುಂದೆ ಕೋಲು ಹಿಡಿಯಬೇಕಾದವನು ಹಲಕೆ ಅಂತ, ಮಹಾ ಸಿಡುಕ. ಕೋಲು ನನ್ನ ಕೈಗೆ ಬರಲಿ, ಅವರಿಗೆ ಒಂದು ಹನೀನೂ ಕೊಡಲ್ಲ ಅಂತ ಎಲ್ಲರ ಮುಂದೆ ಹೇಳ್ಕೊಂಡು ತಿರುಗ್ತಿದ್ದನಂತೆ.

ಎಂಟು ವರ್ಷ ತುಂಬಿತು. ಮೊದಲು ಸಂತೆ ವ್ಯಾಪಾರಿಗಳು ಬಂದು, ಅಪ್ಪಾ, ನೀನೇ ಇದ್ದುಬಿಡು ಅಂದರು. ಆಗಲ್ಲ ಅಂದ. ಆಮೇಲೆ ದೂರದ ರಾಜ, ಕಿರೀಟ ಕಳಿಸ್ತೀನಿ, ಸಾಯೋವರೆಗೂ ನೀನೇ ದೊರೆಯಾಗಿರು ಅಂತ ಹೇಳಿಕಳಿಸಿದ. ನನ್ನ ತಲೆಗೆ ಉಪ್ಪಿನ ಮೂಟೆಯೇ ಅಭ್ಯಾಸ ಅಂದ. ಆಮೇಲೆ ಗುಡ್ಡದಾಚೆ ಹೆಂಗಸರು ಬಂದು, ನೀನು ಇಳಿದರೆ ನಮ್ಮ ದನ ಸಾಯ್ತವೆ ಅಂತ ಅತ್ತರಂತೆ. ಆಗ ಮಾತ್ರ ಅವನು ಎದ್ದು ಅವರ ಹತ್ರ ಬಂದ. ಇವತ್ತು ನಿಮಗೋಸ್ಕರ ನಾನು ಕಟ್ಟಳೆ ಮುರಿದರೆ, ನಾಳೆ ಒಬ್ಬ ಕೆಟ್ಟವನು ಇಳಿಯಲ್ಲ ಅಂದಾಗ ಯಾರು ಇಳಿಸ್ತೀರಿ ತಾಯಿ ಅಂತ ಹೇಳಿ, ತಾನೂ ಅತ್ತು, ಕೋಲನ್ನ ಹಲಕೆಗೆ ಕೊಟ್ಟೇಬಿಟ್ಟನಂತೆ.

ಮಾರನೇ ಬೆಳಿಗ್ಗೆ ಹಲಕೆ ಎದೆಯುಬ್ಬಿಸಿ ಬಾವಿಕಟ್ಟೆ ಮೇಲೆ ನಿಂತ. ಆ ಬಾವಿ ಎಷ್ಟು ಆಳ ಅಂದರೆ, ಗಂಡಸರು ಒಬ್ಬರ ಮೇಲೊಬ್ಬರು ಮೆಟ್ಟಿಲ ಮೇಲೆ ನಿಂತು, ಹಾಡು ಹೇಳ್ಕೊಂಡು, ತೊಗಲಿನ ಬಕೆಟ್ಟನ್ನ ಕೈಯಿಂದ ಕೈಗೆ ದಾಟಿಸಬೇಕು. ತೀರಾ ತಳದಲ್ಲಿ, ಮೊಣಕಾಲುದ್ದ ಕೆಸರಲ್ಲಿ, ಯಾರು ನಿಂತಿದ್ದ ಹೇಳು? ಜತನಿ! ನಿನ್ನೆವರೆಗೂ ಆಳಿದವನು! ಮೊದಲ ಬಕೆಟ್ ತುಂಬಿ ಮೇಲಕ್ಕೆ ಕೊಟ್ಟು, ಅಪ್ಪಾ, ತಗೋ ಅಂತ ಕೂಗಿದನಂತೆ. ತನಗಿಂತ ಚಿಕ್ಕವನನ್ನ, ಮನಸ್ಸಿನಲ್ಲಿ ಒಂದು ಚೂರೂ ಕಹಿ ಇಲ್ಲದೆ, ಅಪ್ಪಾ ಅಂದನಂತೆ.

ಬಕೆಟ್ ಮೇಲೆ ಬಂತು. ಹಲಕೆ ಅದನ್ನ ಕೈಗೆ ತಗೊಂಡ. ಆಚೆ ಗುಡ್ಡದ ದನಗಳು ನಾಲಿಗೆ ಚಾಚಿಕೊಂಡು ನಿಂತಿವೆ. ಇಂಥವನ ಬಾಯಲ್ಲಿ ಅಪ್ಪ ಅನ್ನಿಸ್ಕೊಂಡ ಮೇಲೆ, ಒಬ್ಬರಿಗೆ ಅಪ್ಪ, ಇನ್ನೊಬ್ಬರಿಗೆ ಅಲ್ಲ ಅನ್ನೋಕಾಗತ್ತಾ ಅಂತ, ನೀರನ್ನ ತೊಟ್ಟಿಗೆ ಸುರಿದು, ಮೊದಲು ಆಚೆಯವರ ದನಾನೇ ಕರೆದನಂತೆ.

ದನ ಹೊಟ್ಟೆ ತುಂಬ ನೀರು ಕುಡಿದವು, ಜತನಿ ಕೆಸರು ತೊಳ್ಕೊಂಡು ಉಪ್ಪು ಮಾರೋಕೆ ಹೊರಟ, ಎಲ್ಲರೂ ಸುಖವಾಗಿದ್ದರು, ನನ್ನ ಕತೆ ಮುಗೀತು. ಕಣ್ಣು ಮುಚ್ಚು ನನ್ನಪ್ಪಾ.